ಒಗ್ಗರಣೆ ಬಿತ್ತೋ ಇಲ್ಲವೋ

ಸತ್ಯಕ್ಕಾಗಿ ಮನುಷ್ಯ ಏನೇನನ್ನು ತ್ಯಾಗ ಮಾಡಬಲ್ಲ ಎಂಬುದು ಲೋಕದ ಗಂಭೀರ ಪ್ರಶ್ನೆಗಳಲ್ಲಿ ಒಂದು. ನಮ್ಮ ಸೋದರಮಾವ ಅದಕ್ಕಾಗಿ ಬಿಸಿ ಊಟವನ್ನು ತ್ಯಾಗ ಮಾಡಿದವರು. ತಮ್ಮದನ್ನಷ್ಟೇ ಅಲ್ಲ, ನಮ್ಮದನ್ನೂ! ಎಲೆಯ ಮುಂದೆ ಕೂತವರು ಯಾರೋ "ಸಾರಿಗೆ ಉಪ್ಪು ಜಾಸ್ತಿ" ಎಂದರೆ ಸಾಕು, ಮುರಿದ ಮುದ್ದೆ ಎಲೆಯಲ್ಲೇ ತಣ್ಣಗಾಗುತ್ತಿತ್ತು.

"ಜಾಸ್ತಿಯೋ ಕಮ್ಮಿಯೋ ಅನ್ನದು ನಿನ್ನ ನಾಲಿಗೆ ಇಚಾರ. ಅದರ ತಂಟೆ ನಂಗೆ ಬ್ಯಾಡ. ಆದ್ರೆ ಉಪ್ಪು ಆಕವ್ರೋ ಇಲ್ವೋ ಅನ್ನದು ನಾಲಿಗೆ ಇಚಾರ ಅಲ್ಲ ಕಣ್ಲಾ. ಎಲ್ಲಾರೂ ನಾಲಿಗೆ ಕಿತ್ತಾಕಿದ್ರೂ ಆಕಿದ್ ಉಪ್ಪು ಆಕಿದ್ದೇಯ!"

"ನಾಲಿಗೆ ಇರಗಂಟ ಉಣ್ಣಣ್ಣೋ," ಎಂದು ಒಳಗಿನಿಂದ ಅಮ್ಮ ಕೂಗುತ್ತಿದ್ದರು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ನಮ್ಮ ತಂದೆ ತೀರಿಕೊಂಡಾಗ ನಮ್ಮನ್ನು ನೋಡಿಕೊಳ್ಳಲೆಂದು ಕಾಮಗೆರೆಗೆ ಬಂದರು. ಬಂದವರನ್ನು ಆಮೇಲೆ ನಾವೇ ನೋಡಿಕೊಂಡೆವೆಂದು ಅಮ್ಮ ಹೇಳುವುದುಂಟು. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲದಲ್ಲಿ ಅವರು ಕೊಯಮತ್ತೂರಿಗೆ ಓದಲು ಹೋಗಿದ್ದರು. ತರ್ಕಶಾಸ್ತ್ರದ ಪರೀಕ್ಷೆಯಲ್ಲಿ "ಪ್ರಶ್ನೆಯೇ ತಪ್ಪು" ಎಂದು ಉತ್ತರ ಬರೆದು, ಪದವಿಗೆ ಬದಲಾಗಿ ಒಂದು ನಶ್ಯದ ಡಬ್ಬಿಯನ್ನು ಸಂಪಾದಿಸಿಕೊಂಡು ಊರಿಗೆ ಮರಳಿದರು. ಆ ಡಬ್ಬಿಯಿಲ್ಲದೆ ಅವರ ವಾದ ಹುಟ್ಟುತ್ತಿರಲಿಲ್ಲ. ಮೊದಲು ಮುಚ್ಚಳಕ್ಕೆ ಬೆರಳಿನಿಂದ ತಟ್ಟುವುದು, ಆಮೇಲೆ ಒಂದು ಚಿಟಿಕೆ, ಆಮೇಲೆ ಕಣ್ಣಲ್ಲಿ ನೀರು, ಆಮೇಲೆ ಸತ್ಯ. ಈ ಕ್ರಮ ಯಾವತ್ತೂ ತಪ್ಪಲಿಲ್ಲ.

ಇಂಥವರಿಗೆ ತಕ್ಕ ಎದುರಾಳಿಯನ್ನು ದೇವರು ನಮ್ಮ ಹಿತ್ತಲ ಗೋಡೆಯ ಆಚೆಗೇ ಇಟ್ಟಿದ್ದ. ನಮ್ಮ ತಂದೆಯ ದಾಯಾದಿ, ಊರಿನ ಯಜಮಾನರು. ಬಹಳ ಒಳ್ಳೆಯವರು. ಅವರ ಪಂಚಾಯಿತಿಯಲ್ಲಿ ಸೋತವರು ಯಾರೂ ಇರಲಿಲ್ಲ. ಯಾಕೆಂದರೆ ಅವರ ಬಳಿ ಇದ್ದದ್ದು ಒಂದೇ ತೀರ್ಪು: "ಅವರವರ ಪಾಲಿಗೆ ಅವರವರದೇ ನಿಜ. ಇಬ್ಬರೂ ಸರಿ. ಎದ್ದೇಳಿ, ಉಣ್ಣೋಗಿ." ಹೊಡೆದವನೂ ಸರಿ, ಹೊಡೆಸಿಕೊಂಡವನೂ ಸರಿ! ಜನ ಕೈಮುಗಿದು ಎದ್ದು ಹೋಗುತ್ತಿದ್ದರು. ಮಾವ ಒಬ್ಬರು ಮಾತ್ರ ಏಳುತ್ತಿರಲಿಲ್ಲ.

ಐವತ್ತಾರರಲ್ಲಿ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿತಲ್ಲ, ಆ ಬೆಳಿಗ್ಗೆ ಯಜಮಾನರು ನಮ್ಮ ಜಗಲಿಗೆ ಬಂದು ಗೆದ್ದವರ ಹಾಗೆ ಕಾಲು ಚಾಚಿ ಕೂತರು.

"ನೋಡು ಬಾವ. ನೆನ್ನೆಗಂಟ ನಾವು ಮದ್ರಾಸ್ನೋರು ಅನ್ನದು ನಿಜ. ಇವತ್ತು ಮೈಸೂರ್ನೋರು ಅನ್ನದು ನಿಜ. ನಿಜ ಅಂದ್ರೆ ಇಷ್ಟೇಯ. ದೊಡ್ಡೋರು ಕೂತ್ಕಂಡು ಎಂಗ್ ಬರುದ್ರೆ ಅಂಗೆ!"

ಮಾವ ಡಬ್ಬಿ ತಟ್ಟಿದರು. "ಯಜಮಾನ್ರೇ, ನೆನ್ನೆಗಂಟ ಯಳಂದೂರು ಪರರಾಜ್ಯ. ಇವತ್ತು ನಮ್ಮದೇ ರಾಜ್ಯ. ಇಲ್ಲಿಂದ ಯಳಂದೂರ್ಗೆ ದಾರಿ ಏನಾರ ಮೋಟಾಯ್ತಾ?"

"ಇಲ್ಲ."

"ಇವತ್ತು ನಡ್ಕಂಡು ಓದ್ರೆ ಕಾಲು ನೋಯಲ್ವಾ?"

"ನೊಯ್ತದೆ."

"ಬರ್ದದ್ದು ಬದಲಾಯ್ತು. ದಾರಿ ಬದಲಾಗ್ಲಿಲ್ಲ. ಬರ್ಯೋದು ದೊಡ್ಡೋರ ಕೈಲದೆ. ಕಾಲ್ನೋವು ಅವರ ಕೈಲಿಲ್ಲ."

ಚಿಕ್ಕವನಾಗಿದ್ದ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಒಂದು ಇಡೀ ಸರ್ಕಾರ ಮಾಡಲಾಗದ್ದನ್ನು ನಮ್ಮ ಮಾವ ಜಗಲಿಯಲ್ಲಿ ಕೂತು ಕಂಡುಹಿಡಿದಿದ್ದರು!

ಇನ್ನೊಮ್ಮೆ ಲೊಕ್ಕನಹಳ್ಳಿಯ ನೆಂಟರ ಮನೆಗೆ ಇಬ್ಬರೂ ಹೋಗಿದ್ದರು. ಹೊಲಕ್ಕೆ ಆನೆ ಬಂದಿದೆಯೆಂದು ಒಬ್ಬ, ಬಂದಿಲ್ಲವೆಂದು ಇನ್ನೊಬ್ಬ ಜಗಳಕ್ಕೆ ನಿಂತಿದ್ದರು. ಯಜಮಾನರು ಅಭ್ಯಾಸಬಲದಿಂದ, "ಬಂದದೆ ಅನ್ನೋನ್ ಪಾಲಿಗೆ ಬಂದದೆ, ಇಲ್ಲ ಅನ್ನೋನ್ ಪಾಲಿಗೆ ಇಲ್ಲ," ಎಂದುಬಿಟ್ಟರು.

"ನಿಮ್ಮ ಪಾಲಿಗೆ?" ಎಂದರು ಮಾವ.

"ನಂಗೇನೋ ಇಲ್ಲ ಅನ್ನುಸ್ತದೆ."

"ಸರಿ. ಓಗಿ ಒಲದ್ ಕಾವಲ್ ಅಟ್ಟಣೆ ಕೆಳುಗೆ ಚಾಪೆ ಆಸ್ಕಂಡು ಮನಿಕಳಿ."

ಯಜಮಾನರು ಕೊಂಚ ಹೊತ್ತು ಕಾಡಿನ ಕಡೆ ನೋಡಿದರು. "ಈಗ ಯಾಕೋ ನನ್ ಪಾಲ್ಗೂ ಬಂದಂಗದೆ ಬಾವ," ಎಂದರು.

ಆದರೆ ನಾನು ಮಾವನ ಮುಂದೆ ಮನಸ್ಸಿನಲ್ಲೇ ಅಡ್ಡಬಿದ್ದದ್ದು ಇನ್ನೊಂದು ದಿನ. ಯಜಮಾನರು ಎಂದಿನಂತೆ "ಎಲ್ಲಾ ಅವರವರ ಪಾಲಿಗೆ" ಎಂದು ಮುಗಿಸಿದ್ದರು. ಮಾವ ಮೆಲ್ಲನೆ ಕೇಳಿದರು:

"ಈಗ ಅಂದ್ರಲ್ಲ ಯಜಮಾನ್ರೇ, ಈ ಮಾತು ಎಲ್ಲಾರ ಪಾಲಿಗೂ ನಿಜವೋ, ನಿಮ್ಮ ಪಾಲಿಗೆ ಮಾತ್ರವೋ?"

"ಎಲ್ಲಾರ ಪಾಲಿಗೂ."

"ಅಂಗಾರೆ ಎಲ್ಲಾರ ಪಾಲಿಗೂ ನಿಜ ಆದದ್ದು ಒಂದು ಸಿಕ್ತಲ್ಲ! ಅಂಥದ್ದು ಇಲ್ಲ ಅಂತಿದ್ರಿ?"

ಯಜಮಾನರು ತಡವರಿಸಿದರು. "ಓಗ್ಲಿ ಬುಡು, ನನ್ ಪಾಲಿಗೆ ಮಾತ್ರ."

"ಅಂಗಾರೆ ಅದ್ನ ನಿಮ್ಮನೇಲೇ ಮಡಿಕಳಿ. ನಮ್ ಜಗಲಿಗ್ಯಾಕ ಹೊತ್ಕ ಬಂದ್ರಿ?"

"ಕುಡಿಯೋಕೆ ನೀರ್ ಕೊಡವ್ವೋ," ಎಂದು ಯಜಮಾನರು ನಮ್ಮ ಅಮ್ಮನನ್ನು ಕೂಗಿದರು. ಆ ದಿನದ ವೇದಾಂತ ನೀರಿನಲ್ಲಿ ಮುಗಿಯಿತು. ಮಾರನೆಯ ದಿನ ಯಜಮಾನರು ಮತ್ತದೇ ತೀರ್ಪಿನೊಂದಿಗೆ ಹಾಜರು! ವಾದದಲ್ಲಿ ಸೋಲುವುದು ಕೂಡ ಅವರವರ ಪಾಲಿಗಲ್ಲವೆ?

ಈ ಆಟವೆಲ್ಲ ಜಗಲಿಯ ಮೇಲಿದ್ದಷ್ಟು ಕಾಲ ಚೆನ್ನಾಗಿತ್ತು. ಒಂದು ದಿನ ಅದು ಮನೆಯೊಳಕ್ಕೆ ಬಂತು.

ಆಗ ನಾನು ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಗುಮಾಸ್ತ. ಯಳಂದೂರು ಕಡೆಯ ಮಾಂಬಳ್ಳಿಯಿಂದ ಹೆಣ್ಣು ತಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಅವಳ ತೌರಿನಲ್ಲಿ ಭತ್ತದ ಗದ್ದೆ, ಹುಳದ ವಿಷಯ ಅವಳಿಗೆ ತಿಳಿಯದು. ಹುಳ ಸಾಕುವ ಮನೆಯೆಂದರೆ ಬಾಣಂತಿ ಇರುವ ಮನೆಗಿಂತ ಕಟ್ಟುನಿಟ್ಟು. ಕೈಕಾಲು ತೊಳೆಯದೆ ಹುಳದ ಕೋಣೆಗೆ ಕಾಲಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹುಳ ಗೂಡು ಕಟ್ಟುವವರೆಗೆ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಒಗ್ಗರಣೆಯ ಘಾಟು ತಾಗಿದರೆ ಹುಳ ಕೆಡುತ್ತವೆ ಎಂಬುದು ನಮ್ಮವರ ನಂಬಿಕೆ. ಹುಳಗಳು ಸೊಪ್ಪು ಮೇಯುತ್ತ ಸುಖವಾಗಿರುತ್ತಿದ್ದವು. ನಾವು ಸಪ್ಪೆ ಸಾರು ಉಂಡು ತಪಸ್ಸು ಮಾಡುತ್ತಿದ್ದೆವು. ನಮ್ಮ ಹುಳದ ಮುಲಾಜಿಗೆ ಗೋಡೆಯಾಚೆಯ ಯಜಮಾನರ ಮನೆಯಲ್ಲೂ ಅದೇ ತಪಸ್ಸು.

ಕೋಣೆಯಲ್ಲಿ ಹುಳದ ತಟ್ಟೆಗಳದು ಎರಡು ಸಾಲು. ಗೋಡೆಯ ಸಾಲಿಗೆ ಸೊಪ್ಪು ಹಾಕುವುದು ಅಮ್ಮ. ಬಾಗಿಲ ಸಾಲನ್ನು, ಹುಳದ ಹಸಿವು ಹೆಚ್ಚಿದ ಕೊನೆಯ ಎರಡು ದಿನಗಳಿಂದ, ಮಾವ ವಹಿಸಿಕೊಂಡಿದ್ದರು. ಇನ್ನೇನು ಹುಳ ಹಣ್ಣಾಗಿ ಗೂಡು ಕಟ್ಟಬೇಕು, ಒಂದು ಬೆಳಿಗ್ಗೆ ನೋಡಿದರೆ ಬಾಗಿಲ ಸಾಲಿನ ಹುಳಗಳೆಲ್ಲ ಹಸಿರು ನೀರು ಕಕ್ಕಿ, ಮುದುರಿ ಬಿದ್ದಿದ್ದವು. ಗೋಡೆಯ ಸಾಲು ಚೆನ್ನಾಗಿತ್ತು. ಬಾಗಿಲಿನ ಎದುರಿಗೇ ಅಡಿಗೆಮನೆ. ಅಮ್ಮನಿಗೆ ಇನ್ನೇನು ಬೇಕು?

"ನೆನ್ನೆ ನಾನು ತೋಟದಿಂದ ಬರೋವಾಗ್ಲೇ ಘಮ್ ಅಂತ ಬೆಳ್ಳುಳ್ಳಿ ಒಗ್ಗರಣೆ ವಾಸ್ನೆ ಬಂತು. ಮನೇಲಿ ಇವಳೊಬ್ಬಳೇ ಇದ್ದದ್ದು!"

"ನಾನು ಆಕ್ಲಿಲ್ಲ ಅತ್ತೆ," ಎಂದಳು ನನ್ನ ಹೆಂಡತಿ. "ನಮ್ಮಪ್ಪನಾಣೆ ಆಕ್ಲಿಲ್ಲ."

ಅತ್ತೆ, ಹಾಕಿದಳು ಎಂದರು. ಸೊಸೆ, ಹಾಕಲಿಲ್ಲ ಎಂದಳು. ಜಗಲಿಯಲ್ಲಿ ಯಜಮಾನರು ಕೂತರು. ತೀರ್ಪು ಏನೆಂದು ಓದುಗರಿಗೆ ಆಗಲೇ ಗೊತ್ತು.

"ಅತ್ತೆ ಪಾಲಿಗೆ ಒಗ್ಗರಣೆ ಬಿದ್ದದ್ದು ನಿಜ. ಸೊಸೆ ಪಾಲಿಗೆ ಬೀಳದೆ ಇದ್ದದ್ದು ನಿಜ. ಇಬ್ಬರೂ ಸರಿ. ಹುಡುಗಿ ಒಂದಷ್ಟು ತಿಂಗಳು ತೌರಲ್ಲಿ ಇದ್ಬರ್ಲಿ. ಎಲ್ಲಾ ತಣ್ಣಗಾಯ್ತದೆ."

ಒಪ್ಪಿಕೊಳ್ಳುತ್ತೇನೆ, ತಾಯಿ ಮತ್ತು ಹೆಂಡತಿಯ ನಡುವೆ ನಿಂತ ಗಂಡಸಿಗೆ ಇದಕ್ಕಿಂತ ಹಿತವಾದ ಸಿದ್ಧಾಂತ ಇನ್ನೊಂದಿಲ್ಲ. ಆದರೆ ಇಬ್ಬರೂ ಸರಿಯಾದ ಮೇಲೆ ಟ್ರಂಕು ಹೊರುವವಳು ಒಬ್ಬಳೇ ಯಾಕೆ? ಹುಳ ತಿಂದ ಸೊಸೆ ಎಂಬ ಹೆಸರು ಹೊತ್ತು ತೌರಿಗೆ ಹೋದವಳು ಮರಳಿ ಬರುವುದು ಅಷ್ಟು ಸುಲಭವಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಅಳುತ್ತ ಟ್ರಂಕಿಗೆ ಸೀರೆ ತುಂಬಿ ನಡುಮನೆಗೆ ತಂದಿಟ್ಟಳು.

ಮಾವ ಎದ್ದು ಬಂದು ಆ ಟ್ರಂಕಿನ ಮೇಲೆ ಕೂತುಬಿಟ್ಟರು!

"ಏಳಣ್ಣ, ಬಸ್ ಒತ್ತಾಯ್ತು," ಎಂದರು ಅಮ್ಮ.

"ಮೂಗಿಗೆ ಬಂದದ್ದು ಬ್ಯಾರೆ, ಬಾಣ್ಲಿಗೆ ಬಿದ್ದದ್ದು ಬ್ಯಾರೆ. ಬಾಣ್ಲಿಗೆ ಒಗ್ಗರಣೆ ಬಿತ್ತೋ ಇಲ್ವೋ? ಎರಡರಲ್ಲಿ ಒಂದೇ ಆಗಿರ್ಬೇಕು. ಅದು ಗೊತ್ತಾಗಗಂಟ ನಾನು ಏಳಕಿಲ್ಲ."

"ನಿನ್ನ ಮೂಗ್ಗೆ ನಶ್ಯ ಬುಟ್ರೆ ಇನ್ನೇನೂ ಗೊತ್ತಾಗಕಿಲ್ಲ. ನೀನು ವಾಸ್ನೆ ಇಚಾರ ಮಾತಾಡ್ತೀಯ!"

"ಅದುಕ್ಕೇ ಮೂಗ್ನ ಸಾಕ್ಷಿ ಬ್ಯಾಡ ಅನ್ನದು. ಹುಳುವ ಕೇಳಣ."

ಹುಳವನ್ನು ಕೇಳುವುದು! ಕೊಯಮತ್ತೂರಿನ ಪರೀಕ್ಷಕರು ಎಂಥ ರತ್ನವನ್ನು ನಪಾಸು ಮಾಡಿದ್ದರು ನೋಡಿ. ಮಾವ ಗೋಡೆಯ ಸಾಲಿನಿಂದ ಆರೋಗ್ಯವಾಗಿದ್ದ ಹುಳಗಳನ್ನು ಎರಡು ಮೊರಕ್ಕೆ ಹಾಕಿಸಿ ದನದ ಕೊಟ್ಟಿಗೆಗೆ ತರಿಸಿದರು. ಒಂದು ಮೊರದ ಮಗ್ಗುಲಲ್ಲೇ ಒಲೆ ಹೂಡಿಸಿ, ಎರಡನೆಯದನ್ನು ದೂರದ ಮೂಲೆಯಲ್ಲಿರಿಸಿ, ಅಮ್ಮನ ಕೈಯಿಂದಲೇ ಬೆಳ್ಳುಳ್ಳಿ ಮೆಣಸಿನಕಾಯಿ ಒಗ್ಗರಣೆ ಹಾಕಿಸಿದರು. ಅಮ್ಮ ಕೆಮ್ಮಿದರು, ನಾನು ಸೀನಿದೆ, ಎಮ್ಮೆ ಹಗ್ಗ ಕಿತ್ತುಕೊಳ್ಳಲು ನೋಡಿತು. ಹುಳಗಳು ಮಾತ್ರ ತಲೆಯೆತ್ತದೆ ಅಮ್ಮ ಹಾಕಿದ್ದ ಸೊಪ್ಪು ಮೇಯುತ್ತಿದ್ದವು. ಮಧ್ಯಾಹ್ನ ಇಳಿದರೂ ಮೇಯುತ್ತಲೇ ಇದ್ದವು. ಅಮ್ಮ ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು.

ಮಾವನ ಮುಖ ನೋಡಬೇಕಿತ್ತು! "ಕಂಡ್ಯೇನವ್ವ, ಬಿದ್ರೂ ಸಾಯಕಿಲ್ಲ!" ಎಂದು ನನ್ನ ಹೆಂಡತಿಗೆ ಹೇಳಿ, ಡಬ್ಬಿ ತಟ್ಟಿ, ಒಂದು ದೊಡ್ಡ ಚಿಟಿಕೆ ಏರಿಸಿ, ಅದೇ ಕೈಯಿಂದ ಎರಡನೆಯ ಮೊರಕ್ಕೆ ಧಾರಾಳವಾಗಿ ಸೊಪ್ಪು ಹಾಕಿದರು. ಆಮೇಲೆ ಗೋಡೆಗೆ ಒರಗಿ ಕೂತು ನಮಗೆ ಸತ್ಯದ ಸ್ವರೂಪವನ್ನು ವಿವರಿಸತೊಡಗಿದರು. ವಿವರಣೆ ಸಾಕಷ್ಟು ಉದ್ದವಿತ್ತು.

"ಮಾವ," ಎಂದಳು ನನ್ನ ಹೆಂಡತಿ, "ಅಲ್ನೋಡಿ."

ಎರಡನೆಯ ಮೊರದ ಹುಳಗಳು ಮೇವು ಬಿಟ್ಟು ತಲೆ ಎತ್ತಿದ್ದವು. ಇಲ್ಲ, ಇಲ್ಲ ಅನ್ನುವ ಹಾಗೆ ಆ ಕಡೆಗೂ ಈ ಕಡೆಗೂ ತಲೆ ಆಡಿಸುತ್ತಿದ್ದವು. ಒಂದು ಹುಳ ಹಸಿರು ನೀರು ಕಕ್ಕಿತು.

ಮಾವನ ಕೈ ಇನ್ನೊಂದು ಚಿಟಿಕೆಯೊಂದಿಗೆ ಮೂಗಿನ ಹತ್ತಿರ ಹೋಗಿತ್ತು. ಅಲ್ಲೇ ನಿಂತಿತು. ಅವರು ಮೊರ ನೋಡಿದರು. ಬೆರಳು ನೋಡಿಕೊಂಡರು. ಡಬ್ಬಿ ನೋಡಿದರು. ಹುಳದ ಕೋಣೆಗೆ ಹೋಗುವ ಮುಂಚೆ ಶಾಸ್ತ್ರೋಕ್ತವಾಗಿ ಕೈ ತೊಳೆದು, ಒಳಗೆ ಕೂತು ಬಾಗಿಲ ಸಾಲಿಗೆ ಸೊಪ್ಪು ಹಾಕುತ್ತ, ತಮ್ಮೊಳಗೇ ಯಜಮಾನರೊಂದಿಗೆ ವಾದ ಮಾಡುತ್ತ, ನಡುನಡುವೆ ಚಿಟಿಕೆ ಏರಿಸುವುದು ಆ ಎರಡು ದಿನವೂ ನಡೆದಿತ್ತು.

ಕೊಟ್ಟಿಗೆಯಲ್ಲಿ ಇದ್ದದ್ದು ನಾವು ಮೂವರೇ. ನಾನು ಹೇಳಿದೆ: "ಮಾವ, ಒಗ್ಗರಣೆ ಅಲ್ಲ ಅಂತ ಗೊತ್ತಾಯ್ತಲ್ಲ. ಅಷ್ಟು ಸಾಕು ಬುಡಿ. ಇದ ಯಾರೂ ನೋಡ್ಲಿಲ್ಲ."

"ನೋಡ್ದೆ ಇದ್ರೆ ನಡ್ದದ್ದು ನಡೀಲಿಲ್ಲ ಅಂತ ಆಯ್ತದೇನ್ಲಾ?" ಎಂದರು. ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ. ಆಗ ನನಗೆ ಮೊದಲ ಬಾರಿಗೆ ಭಯವಾಯಿತು. ಇಷ್ಟು ವರ್ಷ ಇವರು ಆಟಕ್ಕೆ ಆಡುತ್ತಿದ್ದಾರೆಂದು ತಿಳಿದಿದ್ದೆನಲ್ಲ!

ಸಂಜೆಯ ಬೆಳಕಿನಲ್ಲಿ ಜಗಲಿಗೆ ಎಲ್ಲರನ್ನೂ ಕರೆಸಿದರು. ಎರಡು ಮೊರಗಳನ್ನೂ ತಂದಿಟ್ಟರು. "ಹುಳ ಕೊಂದೋನು ನಾನು, ಈ ಬೆರಳಿನ್ ನಶ್ಯದಿಂದ," ಎಂದರು.

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಯಜಮಾನರಿಗೆ ನಿಜವಾಗಿಯೂ ಸಂಕಟವಾಯಿತು. ಹಳೆಯ ಎದುರಾಳಿಯನ್ನು ಹೇಗಾದರೂ ಉಳಿಸಬೇಕಲ್ಲ! "ಬಾವ, ಅದು ನಿನ್ನ ಪಾಲಿಗೆ ಅನ್ಸದು ಕಣಪ್ಪ. ನಮ್ಮ ಪಾಲಿಗೆ ನೀನೇನೂ ಕೊಂದಿಲ್ಲ."

"ಹುಳದ ಪಾಲಿಗೆ, ಯಜಮಾನ್ರೇ?"

ಮಾವ ಎರಡನೆಯ ಮೊರವನ್ನು ಅವರ ಮುಂದಕ್ಕೆ ಸರಿಸಿದರು.

"ನನ್ನ ತಂಗಿ ಸುಳ್ಳಾಡೋಳಲ್ಲ. ಅವಳ ಮೂಗ್ಗೆ ವಾಸ್ನೆ ಬಂದದ್ದೂ ನಿಜವೇ ಇರ್ಬೇಕು," ಎಂದರು ಮಾವ. "ನೆನ್ನೆ ಒಗ್ಗರಣೆ ಎಲ್ಲಿ ಬಿತ್ತು?"

ಹಿಂದಿನಿಂದ ಯಜಮಾನರ ಹೆಂಡತಿ ಗೊಣಗಿದರು: "ನಮ್ಮನೇಲಿ ಕಣಣ್ಣ. ಉಳ್ಳಿಕಾಳ್ ಸಾರ್ಗೆ. ಇವ್ರೇ ಕೇಳುದ್ರು, ಸಪ್ಪೆ ಉಂಡು ಸಾಕಾಯ್ತು ಅಂತ."

ನಕ್ಕವರಲ್ಲಿ ಅಮ್ಮನೂ ಇದ್ದರು. ನಾನು ನಗಲಿಲ್ಲ. ನಿಜವನ್ನು ಎರಡು ಮಾಡಿ ಹಂಚಿದಾಗ ಅತ್ತೆ ಸೊಸೆ ಇಬ್ಬರ ಮೇಲೂ ಸುಳ್ಳಿನ ನೆರಳು ಬಿದ್ದಿತ್ತು. ಒಂದೇ ನಿಜ ಹೊರಬಿದ್ದಾಗ ಇಬ್ಬರೂ ಸತ್ಯವಂತರಾದರು. ತಪ್ಪು ಉಳಿದದ್ದು ಮಾವನ ಬೆರಳಿನ ಮೇಲೆ ಮಾತ್ರ.

ಅವರು ನನ್ನ ಹೆಂಡತಿಯ ಮುಂದೆ ಬಂದು, ಅವಳಿಗಿಂತ ಅಷ್ಟು ಹಿರಿಯರಾದ ಮನುಷ್ಯ, ಕೈಮುಗಿದರು. "ತಪ್ಪಾಯ್ತು ಕಣವ್ವ." ಅವಳು ಗಾಬರಿಯಿಂದ ಅವರ ಕೈ ಹಿಡಿದುಕೊಂಡಳು. "ಬುಡಿ ಮಾವ, ಬುಡಿ, ಏನಾಗಕಿಲ್ಲ," ಎಂದಳು.

"ಆಯ್ತದೆ ಕಣವ್ವ. ಅವರವರದೇ ನಿಜ ಆಗಿದ್ರೆ ನಾನೂ ಸರಿ ಆಗ್ಬುಡ್ತಿದ್ದೆ. ಸರಿಯಾಗಿರೋನು ಯಾರ್ಗೂ ತಪ್ಪಾಯ್ತು ಅನ್ನಂಗಿಲ್ಲ. ನೀನೂ ಬುಡಿ ಮಾವ ಅನ್ನಂಗಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ಆ ಹೊತ್ತು ಅವರು ನಶ್ಯ ಏರಿಸಿರಲಿಲ್ಲ.

ಡಬ್ಬಿಯನ್ನು ತೊಳೆದು ಅಮ್ಮ ಸಾಸಿವೆ ತುಂಬಿಸಿಟ್ಟರು. ಬಾಗಿಲ ಸಾಲಿನಲ್ಲಿ ಆ ಸಲ ಗೂಡು ಆಗಲಿಲ್ಲ. ನನ್ನ ಹೆಂಡತಿ ತೌರಿಗೆ ಹೋಗಲಿಲ್ಲ.