ಮೂರು ಊರಿನ ಶಿಶುವಿಹಾರಕ್ಕೆ ಒಂದೇ ಕುದುರೆ

ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವವರಿಗೆ ನಗುವ ಸಂದರ್ಭಗಳು ಬಹಳ ಬರುತ್ತವೆ ಎಂದು ಜನ ತಿಳಿದಿದ್ದಾರೆ. ಬರುತ್ತವೆ, ನಿಜ. ಆದರೆ ಬಂದ ಹೊತ್ತಿಗೆ ನಮ್ಮ ಒಂದು ಕೈಯಲ್ಲಿ ಅಳುವ ಕೂಸು, ಇನ್ನೊಂದು ಕೈಯಲ್ಲಿ ಅದರ ಒದ್ದೆ ಚಡ್ಡಿ ಇರುತ್ತದೆ. ನಗು ಬರುವುದು ವರ್ಷಗಳು ಕಳೆದ ಮೇಲೆ. ನನಗೆ ಈಗ ಬರುತ್ತಿದೆ.

ಕಲಿಸಿ ಚೇಸ್ಕೋಂಡಿ

ಎರಡನೇ ಮಹಾಯುದ್ಧ ಮುಗಿದಿತ್ತು, ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು. ಕೌಲ್ ಬಜಾರಿನಲ್ಲಿ ನಾನೊಂದು ಶಿಶುವಿಹಾರ ನೋಡಿಕೊಳ್ಳುತ್ತಿದ್ದೆ. ಹತ್ತಿ ಗಿರಣಿಗೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗಿ ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಅದಕ್ಕೆ ಮುಂಚೆ ಅವರು ಕೂಸುಗಳನ್ನು ಹತ್ತಿ ಮೂಟೆಗಳ ಸಂದಿಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದರು. ಕುರುಗೋಡಿನಲ್ಲಿ ಹೊಲದ ಕೂಲಿಯವರ ಮಕ್ಕಳಿಗೆ ಇನ್ನೊಂದು ಶಿಶುವಿಹಾರ, ಸಿರುಗುಪ್ಪದಲ್ಲಿ ಭತ್ತದ ಗದ್ದೆಗೆ ಹೋಗುವವರ ಮಕ್ಕಳಿಗೆ ಮತ್ತೊಂದು. ಮೂರನ್ನೂ ನಡೆಸುತ್ತಿದ್ದುದು ಒಂದೇ ಮಹಿಳಾ ಸಮಾಜ. ಅದರ ಅಧ್ಯಕ್ಷರು ಊರಿನ ಒಬ್ಬ ದೊಡ್ಡ ವಕೀಲರ ಹೆಂಡತಿ.

ಒಂದು ದಿನ ಅವರು ಮೂರೂ ಕಡೆಯ ಟೀಚರುಗಳಾದ ನಮ್ಮನ್ನು ಮನೆಗೆ ಕರೆಸಿದರು. ದುಡ್ಡು ಸಾಲುತ್ತಿಲ್ಲ, ಮೂರರಲ್ಲಿ ಒಂದನ್ನು ಮುಚ್ಚಬೇಕಾಗಬಹುದು ಎಂದರು. ಯಾವುದನ್ನು ಮುಚ್ಚಿದರೂ ಅಲ್ಲಿನ ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗಬೇಕು. ಕೊನೆಗೆ ಅಧ್ಯಕ್ಷರೇ ಒಂದು ದಾರಿ ಹೇಳಿದರು. ಅವರಿಗೆ ಮನಸ್ಸಿಗೆ ಬಂದದ್ದು ಮೊದಲು ತೆಲುಗಿನಲ್ಲೇ ಬರುತ್ತಿತ್ತು. "ಅಂದರೂ ಕಲಿಸಿ ಚೇಸ್ಕೋಂಡಿ" ಎಂದರು. ಎಲ್ಲರೂ ಕೂಡಿ ಮಾಡಿಕೊಳ್ಳಿ ಅಂತ.

ಕುರುಗೋಡಿನ ಟೀಚರ್ ಧಾರವಾಡದ ಕಡೆಯವರು, ತೆಲುಗು ಬಾರದು. ನನ್ನ ಕಿವಿಯಲ್ಲಿ ಕೇಳಿದರು, "ಯಾರಿಗೆ ಕಲಿಸಬೇಕಂತ್ರಿ?"

"ನಮಗೇ" ಎಂದೆ.

ಬಲಗಾಲು

ಕೂಡಿ ಮಾಡುವುದು ಶುರುವಾಯಿತು. ಸಿರುಗುಪ್ಪದಿಂದ ನುಚ್ಚು ಬರಬೇಕು, ಬಳ್ಳಾರಿಯಿಂದ ಬಟ್ಟೆ ಮತ್ತು ಔಷಧ ಹೋಗಬೇಕು, ಆಟದ ಸಾಮಾನು ಮೂರೂ ಕಡೆ ಸರದಿಯಲ್ಲಿ ತಿರುಗಬೇಕು. ಆಟದ ಸಾಮಾನು ಎಂದರೆ ಮುಖ್ಯವಾಗಿ ಒಂದು ಮರದ ಕುದುರೆ. ದಂಡಿನ ಇಂಗ್ಲಿಷ್ ದೊರೆಯೊಬ್ಬ ಊರು ಬಿಡುವಾಗ ನಮ್ಮ ಮಕ್ಕಳಿಗೆ ಕೊಟ್ಟದ್ದು. ಕಾಲಿನ ಕೆಳಗೆ ಬಾಗಿದ ಹಲಗೆ, ಕೂತರೆ ಹಿಂದೆ ಮುಂದೆ ತೂಗುತ್ತದೆ. ನಿಜವಾದ ಕೂದಲಿನ ಬಾಲ ಬೇರೆ.

ಕುದುರೆ ಬಸ್ಸಿನ ಮೇಲೆ ಹತ್ತಿ ಕುರುಗೋಡಿಗೆ ಹೋಯಿತು. ವಾಪಸ್ ಬರಬೇಕಾದ ದಿನ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಮ್ಮ ಮಕ್ಕಳು ದಿನವೂ "ಕುದುರಿ ಎಲ್ಲಿ" ಎಂದು ನನ್ನ ಸೀರೆ ಎಳೆದರು. ತಡೆಯಲಾರದೆ ನಾನೇ ಹೋದೆ.

ಕುದುರೆ ಪಡಸಾಲೆಯ ಮೂಲೆಯಲ್ಲಿ ಮಣೆಯ ಮೇಲೆ ನಿಂತಿತ್ತು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡು ಹೂವಿನ ಹಾರ, ಮುಂದೆ ಅರ್ಧ ತೆಂಗಿನಕಾಯಿ. ಮಕ್ಕಳು ದೂರದಲ್ಲಿ ಕೈಕಟ್ಟಿ ಕೂತಿದ್ದವು. ಟೀಚರ್ ನನ್ನನ್ನು ನೋಡಿ ತಲೆ ತಗ್ಗಿಸಿದರು. "ನಾ ಏನ ಮಾಡ್ಲಿರಿ. ನಮ್ಮ ಆಯಾ ಅಜ್ಜಿ ಮೊದಲನೇ ದಿನಾನ ಕುಂಕುಮ ಹಚ್ಚಿದ್ಲು. ಈಗ ಒಂದು ಕೂಸೂ ಹತ್ತವಲ್ದು."

ನಾನು ಅಜ್ಜಿಯ ಹತ್ತಿರ ಹೋಗಿ, "ಅಜ್ಜಿ, ಇದು ಆಟದ ಕುದುರಿ, ದೇವರಲ್ಲ. ನಮ್ಮ ಹುಡುಗರು ಅಳಾಕ ಹತ್ಯಾರ, ತಗೊಂಡು ಹೋಗ್ತೀನಿ" ಎಂದೆ.

ಅಜ್ಜಿ ಕುದುರೆಯ ಕೊರಳಿನ ಹಾರ ಸರಿಮಾಡಿದಳು. "ಹೋಗ್ಲಿ ಬಿಡ್ರಿ. ಹೆಣ್ಣುಮಗಳನ್ನ ಕಳಿಸಿದಂಗ ಕಳಿಸ್ತೀನಿ. ಆದ್ರ ಹೊಸ್ತಿಲು ದಾಟೋವಾಗ ಅದು ಬಲಗಾಲು ಮುಂದ ಇಡಬೇಕು."

ಹುಟ್ಟಿದಾಗಿನಿಂದ ಒಂದು ಹೆಜ್ಜೆ ಮುಂದಿಡದ ಕುದುರೆ ಅದು. ಬಸ್ಸು ಹೊರಗೆ ಹಾರನ್ ಹೊಡೆಯುತ್ತಿತ್ತು. ನಾನೂ ಕುರುಗೋಡಿನ ಟೀಚರೂ ಅದನ್ನು ಎತ್ತಿ, ಓರೆ ಮಾಡಿ, ಹೊಸ್ತಿಲ ಮೇಲೆ ಬಲಗಾಲು ಊರಿಸಿದೆವು. ಅಜ್ಜಿ ಹಿಂದೆ ನಿಂತು, "ಅದು ಹಿಂದಿನ ಬಲಗಾಲು. ಮುಂದಿಂದು ಇಡಸ್ರಿ" ಎಂದಳು.

ಮಲಗಿಸುವ ವಿದ್ಯೆ

ಸಾಮಾನಿನಂತೆ ವಿದ್ಯೆಯನ್ನೂ ಹಂಚಿಕೊಳ್ಳಿ ಎಂದು ಅಧ್ಯಕ್ಷರ ಮುಂದಿನ ಅಪ್ಪಣೆ. ಕುರುಗೋಡಿನ ಟೀಚರ್ ಜೋಗುಳ ಹಾಡಿದರೆ ಎಂಥ ಹಟಮಾರಿ ಮಗುವೂ ಮಲಗುತ್ತದೆ ಎಂಬ ಮಾತಿತ್ತು. ನಮ್ಮ ಕೌಲ್ ಬಜಾರಿನ ಮಕ್ಕಳು ಮಧ್ಯಾಹ್ನ ಮಲಗಿದ್ದನ್ನು ಕಂಡವರೇ ಇಲ್ಲ. ಉರ್ದು, ತೆಲುಗು, ತಮಿಳು, ಕನ್ನಡ, ನಾಲ್ಕೂ ಭಾಷೆಯಲ್ಲಿ ಒಟ್ಟಿಗೆ ಜಗಳಾಡುತ್ತಿದ್ದವು. ಆದ್ದರಿಂದ ಕುರುಗೋಡಿನ ಟೀಚರನ್ನು ಕರೆಸಿದೆ. ಸಿರುಗುಪ್ಪದ ಟೀಚರೂ ಕಲಿಯಲು ಬಂದರು. ಅಧ್ಯಕ್ಷರು ನೋಡಲು ಬಂದರು.

ಊಟ ಮುಗಿದಿತ್ತು. ಬಳ್ಳಾರಿಯ ಬೇಸಿಗೆ. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ ಕೋಣೆ ಕತ್ತಲು ಮಾಡಿದ್ದೆವು. ಮಕ್ಕಳನ್ನು ಸಾಲಾಗಿ ಚಾಪೆಯ ಮೇಲೆ ಮಲಗಿಸಿ ಕುರುಗೋಡಿನ ಟೀಚರ್ ಹಾಡಲು ತೊಡಗಿದರು. ಏನು ದನಿ ಅದು. ಕೊಡದಿಂದ ಕೊಡಕ್ಕೆ ಎಣ್ಣೆ ಸುರಿದ ಹಾಗೆ. ಮೊದಲ ನುಡಿ ಮುಗಿಯುವಾಗ ಸಿರುಗುಪ್ಪದ ಟೀಚರ್ ಗೋಡೆಗೆ ಒರಗಿದ್ದು ನೋಡಿದೆ. ಎರಡನೆಯ ನುಡಿಗೆ ಅಧ್ಯಕ್ಷರ ಕುತ್ತಿಗೆ ಕುರ್ಚಿಯಿಂದ ವಾಲಿದ್ದು ನೋಡಿದೆ. ಆಮೇಲೆ ನಾನು ಏನೂ ನೋಡಲಿಲ್ಲ.

ಎಚ್ಚರವಾದಾಗ ಬಾಗಿಲಲ್ಲಿ ಗಿರಣಿಯಿಂದ ಬಂದ ಒಬ್ಬ ತಾಯಿ ನಿಂತಿದ್ದಳು. ಹಾಡಿದವರೂ ಸೇರಿ ನಾವು ನಾಲ್ವರೂ ಮಲಗಿದ್ದೆವು. ಮಕ್ಕಳೆಲ್ಲ ಎದ್ದು ನಮ್ಮ ಸುತ್ತ ಕೂತಿದ್ದವು. ಅಧ್ಯಕ್ಷರ ಕನ್ನಡಕ ಒಬ್ಬ ಪುಟ್ಟಿಯ ಮೂಗಿನ ಮೇಲಿತ್ತು. ಆ ಪುಟ್ಟಿ ತುಟಿಯ ಮೇಲೆ ಬೆರಳಿಟ್ಟು ಆ ತಾಯಿಗೆ ಹೇಳುತ್ತಿದ್ದಳು: "ಸದ್ದು ಮಾಡಬ್ಯಾಡ. ಈಗರ ಮಲಗ್ಯಾವ."

ನನ್ನ ತೋಳು

ಆ ವರ್ಷ ಸಿಡುಬಿನ ಭಯ ಬಂತು. ಹತ್ತಿರದ ರೂಪನಗುಡಿಯಲ್ಲಿ ಒಬ್ಬರಿಗೆ ಬಂದಿದೆ ಎಂದು ಸುದ್ದಿ. ಒಂದೊಂದು ಶಿಶುವಿಹಾರಕ್ಕೆ ಬೇರೆ ಬೇರೆ ಬರುವುದು ಆಗದು ಎಂದು ದೇವಿ ಹಾಕುವವರು, ಅಂದರೆ ಸಿಡುಬಿನ ಲಸಿಕೆಯವರು, ಹೇಳಿದರು. ಮೂರೂ ಕಡೆ ಒಂದೇ ಸುತ್ತಿನಲ್ಲಿ ಮುಗಿಸುವುದಾದರೆ ಬರುತ್ತೇನೆ, ಜೊತೆಗೆ ಯಾರಾದರೂ ಇರಬೇಕು ಎಂದರು. ಉಳಿದ ಇಬ್ಬರು ಟೀಚರೂ ನನ್ನ ಕಡೆ ನೋಡಿದರು.

ಕೌಲ್ ಬಜಾರಿನಲ್ಲಿ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. "ಮೊದಲು ನೀವು ಹಾಕಿಸ್ಕೋರಿ ಅಕ್ಕೋರೆ, ನೋಡೂಣು." ಹಾಕಿಸಿಕೊಂಡೆ. ನಾನು ಬಿದ್ದು ಸಾಯದ್ದನ್ನು ನೋಡಿ ಮಕ್ಕಳನ್ನು ಮುಂದೆ ತಂದರು. ಕುರುಗೋಡಿನಲ್ಲಿ ನಾನು ತೋಳು ತೋರಿಸಿ, "ಈಗ ನೋಡ್ರಿ, ಹಾಕಿಸ್ಕೊಂಡೀನಿ" ಎಂದೆ. ಒಬ್ಬಾಕೆ ಹತ್ತಿರ ಬಂದು ನೋಡಿ, "ಅದು ಬಳ್ಳಾರಿ ಔಷಧ. ಇಲ್ಲಿಂದು ಹೆಂಗೈತೋ" ಎಂದಳು. ಮತ್ತೆ ಹಾಕಿಸಿಕೊಂಡೆ. ಸಿರುಗುಪ್ಪಕ್ಕೆ ಹೋಗುವ ಹೊತ್ತಿಗೆ ನನಗೆ ಜ್ವರ. ಅಲ್ಲಿನವರು ನನ್ನ ಕೆಂಪು ಮುಖ ನೋಡಿ, "ನೋಡ್ರಿ, ಅಕ್ಕೋರಿಗೇ ಹಿಂಗಾತು, ನಮ್ಮ ಹುಡುಗರ ಗತಿ ಏನು" ಎಂದು ಹೊರಟರು.

ಮಲಗಲು ಜಾಗ ಹುಡುಕುತ್ತಿದ್ದ ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ಬೇಕಾದರೆ ಇನ್ನೊಮ್ಮೆ ಹಾಕಿಸಿಕೊಳ್ಳುತ್ತೇನೆ, ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗಬೇಡಿ ಎಂದೆ. ಹಾಕಿಸಿಕೊಂಡೂ ಬಿಟ್ಟೆ. ಮೂರೂ ಊರಿನ ನಮ್ಮ ಮಕ್ಕಳಲ್ಲಿ ಒಂದಕ್ಕೂ ಸಿಡುಬು ಬರಲಿಲ್ಲ. ನನ್ನ ತೋಳು ನೋಡಿ ಮನೆಯವರು ಕೇಳಿದ್ದು ಒಂದೇ ಮಾತು: "ಸಿರುಗುಪ್ಪದಿಂದ ಮುಂದ ಊರಿಲ್ಲೇನು?"

ಬದಲಿ

ಇಷ್ಟೆಲ್ಲ ಗೋಳಾಡಿದರೂ ಒಂದು ಮಾತು ಒಪ್ಪಬೇಕು. ಕೂಡಿ ಮಾಡಿದ್ದರಿಂದ ಮೂರರಲ್ಲಿ ಒಂದೂ ಮುಚ್ಚಲಿಲ್ಲ. ಸಿರುಗುಪ್ಪದ ಟೀಚರ್ ಟೈಫಾಯಿಡ್ ಬಂದು ಮಲಗಿದಾಗ ನಾವಿಬ್ಬರು ಸರದಿ ಹಾಕಿಕೊಂಡು ಅವರ ಶಿಶುವಿಹಾರದ ಬಾಗಿಲು ತೆರೆದೆವು. ಸರ್ಕಾರದ ಕಂಟ್ರೋಲಿನಲ್ಲಿ ರೇಷನ್ ಬಟ್ಟೆಯೂ ಸಿಗದ ಕಾಲದಲ್ಲಿ ಒಂದೇ ಥಾನು ಬಟ್ಟೆ ತಂದು ಮೂರೂ ಕಡೆಯ ಮಕ್ಕಳಿಗೆ ನೀಲಿ ಗೀಟಿನ ಅಂಗಿ ಹೊಲಿಸಿದೆವು. ಹೇನು ಹೆಚ್ಚಾದಾಗ ಒಬ್ಬನೇ ಕ್ಷೌರಿಕನನ್ನು ಗೊತ್ತು ಮಾಡಿ ಎಲ್ಲರ ತಲೆ ಬೋಳಿಸಿದೆವು. ಅಲ್ಲಿಗೆ ನಿಲ್ಲಿಸಬೇಕಿತ್ತು. ಬೋಳುತಲೆ ಮತ್ತು ನೀಲಿ ಗೀಟಿನ ಅಂಗಿಯ ಮಕ್ಕಳನ್ನೆಲ್ಲ ಒಟ್ಟಿಗೆ ಸಿರುಗುಪ್ಪದ ಹತ್ತಿರದ ಕೆಂಚನಗುಡ್ಡಕ್ಕೆ ಹೊಳೆ ತೋರಿಸಲು ಕರೆದುಕೊಂಡು ಹೋದೆವು.

ಸಂಜೆ ಕೌಲ್ ಬಜಾರಿಗೆ ಬಂದು ಮಕ್ಕಳನ್ನು ತಾಯಂದಿರಿಗೆ ಒಪ್ಪಿಸುತ್ತಿದ್ದೆ. ಕೊನೆಗೆ ಒಬ್ಬ ತಾಯಿ, ಒಬ್ಬ ಹುಡುಗ ಉಳಿದರು. ತಾಯಿ ಹುಡುಗನನ್ನು ನೋಡಿದಳು, ಹುಡುಗ ತಾಯಿಯನ್ನು ನೋಡಿದ, ಇಬ್ಬರೂ ಅಳತೊಡಗಿದರು. ಹುಡುಗ ಸಿರುಗುಪ್ಪದವನು. ಅವಳ ಮಗ ಸಿರುಗುಪ್ಪದ ಬಸ್ಸು ಹತ್ತಿದ್ದ.

ಆ ಹೊತ್ತಿನಲ್ಲಿ ಬಸ್ಸಿಲ್ಲ. ಅವಳು ಕಣ್ಣೊರೆಸಿಕೊಂಡು ಆ ಹುಡುಗನನ್ನು ಎತ್ತಿಕೊಂಡಳು. "ಇವನೂ ಹಸಗೊಂಡಾನ. ನಮ್ಮವನಿಗೆ ಅಲ್ಲಿ ಯಾರೋ ಒಬ್ಬಾಕಿ ಉಣಸ್ತಿರ್ತಾಳ" ಎಂದಳು. ಬೆಳಿಗ್ಗೆ ರೊಟ್ಟಿ ಬೆಲ್ಲ ತಿನ್ನಿಸಿ ನನ್ನ ಹತ್ತಿರ ಕಳಿಸಿದಳು.

ನಾನು ಅವನನ್ನು ಕರೆದುಕೊಂಡು ಮೊದಲ ಬಸ್ಸು ಹತ್ತಿದೆ. ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸು. ಹೊಗೆ ತಾಗದಿರಲೆಂದು ಅವನ ತಲೆಗೆ ಟವೆಲು ಹೊದಿಸಿದೆ, ನಿದ್ದೆ ಹೋದ. ಇದ್ದಿಲು ತುಂಬಲು ಬಸ್ಸು ಕುರುಗೋಡಿನಲ್ಲಿ ನಿಂತಿತು. ಎದುರಿಗೆ ಸಿರುಗುಪ್ಪದಿಂದ ಬರುವ ಬಸ್ಸೂ ಬಂದು ನಿಂತಿತು. ಅದರಿಂದ ಸಿರುಗುಪ್ಪದ ಟೀಚರ್ ಇಳಿದರು. ಅವರೂ ಹೊರಟು ಬಂದಿದ್ದರು. ಅವರ ಸೀಟಿನಲ್ಲೂ ಟವೆಲು ಹೊದ್ದ ಒಂದು ಬೋಳುತಲೆ ಮಲಗಿತ್ತು.

ನೆಮ್ಮದಿಯಾದ ಕೂಡಲೇ ಜಗಳಕ್ಕೆ ಶುರು ಮಾಡಿದೆವು. "ಬಸ್ ಹತ್ತಿಸಿದವರು ನೀವು" ಎಂದು ನಾನು, "ಇಳಿಸಿಕೊಂಡವರು ನೀವು" ಎಂದು ಅವರು. ಡ್ರೈವರ್ ಕರೆಯುವವರೆಗೂ ನಡೆಯಿತು. ಆಮೇಲೆ ಅವರ ಬಸ್ಸಿನಲ್ಲಿದ್ದ ಮಗುವನ್ನು ನಾನು ಎತ್ತಿಕೊಂಡೆ, ನನ್ನ ಬಸ್ಸಿನಲ್ಲಿದ್ದುದನ್ನು ಅವರು ಎತ್ತಿಕೊಂಡರು, ತಂತಮ್ಮ ಊರಿಗೆ ಹೋಗುವ ಬಸ್ಸು ಹತ್ತಿದೆವು. ಬಸ್ಸು ಹೊರಟಾಗ ಕುರುಗೋಡಿನ ಟೀಚರ್ ಹಿಂದೆ ಓಡಿ ಬರುತ್ತ ಏನೋ ಕೂಗಿದರು. ಕೇಳಿಸಲಿಲ್ಲ. ಕೈಬೀಸಿದೆ.

ಬಳ್ಳಾರಿಯಲ್ಲಿ ಆ ತಾಯಿ ಗಿರಣಿ ಬಿಟ್ಟು ಬಾಗಿಲಲ್ಲೇ ಕೂತಿದ್ದಳು. ಮಗುವನ್ನು ಅವಳ ಮಡಿಲಲ್ಲಿ ಇಟ್ಟೆ. ಅವಳು ಟವೆಲು ಸರಿಸಿ ನೋಡಿ, ನನ್ನ ಮುಖ ನೋಡಿದಳು. "ಅಕ್ಕೋರೆ, ಇವನಿಗೆ ನಾ ಮುಂಜಾನೆ ರೊಟ್ಟಿ ತಿನ್ನಿಸಿ ಕಳಿಸಿದ್ನಲ್ಲ. ಮತ್ತ ಯಾಕ ತಂದ್ರಿ?"

ಆಮೇಲೆ ತಿಳಿಯಿತು. ನಾವಿಬ್ಬರೂ ಜಗಳದಲ್ಲಿದ್ದಾಗ ಕುರುಗೋಡಿನ ಟೀಚರ್, ಪಾಪ, ಬಸ್ಸಿನ ಹತ್ತಿರ ಬಂದು, ಸಹಾಯ ಮಾಡೋಣ ಎಂದು ಎರಡೂ ಮಕ್ಕಳನ್ನು ಈ ಬಸ್ಸಿನಿಂದ ಆ ಬಸ್ಸಿಗೆ ಸದ್ದಿಲ್ಲದೆ ಅದಲು ಬದಲು ಮಾಡಿಟ್ಟಿದ್ದರು. ನಾವು ಅದನ್ನು ಇನ್ನೊಮ್ಮೆ ಬದಲು ಮಾಡಿದ್ದೆವು.

ಮಧ್ಯಾಹ್ನದ ಬಸ್ಸಿಗೆ ತಾಯಿಯೇ ಹುಡುಗನನ್ನು ಎತ್ತಿಕೊಂಡು ಹತ್ತಿದಳು. ನಾನು ಹಿಂದೆ ಹತ್ತಿದೆ. ಕುರುಗೋಡಿನಲ್ಲಿ ಸಿರುಗುಪ್ಪದ ಟೀಚರೂ ಆ ಕಡೆಯ ತಾಯಿಯ ಹಿಂದೆ ತಲೆ ತಗ್ಗಿಸಿ ಇಳಿಯುತ್ತಿದ್ದರು. ಕುರುಗೋಡಿನ ಟೀಚರ್ ಆಗಲೇ ಅಳುತ್ತ ನಿಂತಿದ್ದರು. ನಾವು ಮೂವರೂ ಮಕ್ಕಳ ಕಡೆ ಕೈಚಾಚಿದೆವು.

ಬಳ್ಳಾರಿಯ ತಾಯಿ ನಮ್ಮನ್ನು ತಡೆದಳು. ರಸ್ತೆ ಬದಿಯ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಮೂವರನ್ನೂ ಸಾಲಾಗಿ ಕೂರಿಸಿದಳು.

"ಅಕ್ಕೋರೆ, ಇಲ್ಲೇ ಸುಮ್ನ ಕುಂದರ್ರಿ. ಎದ್ದು ಎಲ್ಲೂ ಹೋಗಬ್ಯಾಡ್ರಿ, ಒಬ್ಬರಿಗೊಬ್ಬರು ಜಗಳ ಆಡಬ್ಯಾಡ್ರಿ, ಅಳಬ್ಯಾಡ್ರಿ. ನಮ್ಮ ಕೆಲಸ ಮುಗಿಸಿ ಬಂದು ಕರ್ಕೊಂಡು ಹೋಗ್ತೀವಿ."