ಖಾಲಿ ಸೈಟಿನಲ್ಲಿ ಭಾನುವಾರದ ಡ್ಯಾನ್ಸು

ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸ, ರಜೆ ಸಿಕ್ಕಾಗ ಸಮಾರಂಭಗಳಲ್ಲಿ ಡ್ಯಾನ್ಸ್ ಹಾಡು ಹಾಕುವ ಹುಚ್ಚು. ಇಪ್ಪತ್ತು ವರ್ಷ ಹೀಗೇ ಕಳೆದೆ. ಫ್ಯಾಕ್ಟರಿ ಮೆಷೀನಿನ ಮುಂದೆ ನಗು ಬರುವಂಥದ್ದು ಒಂದೂ ನಡೆಯಲಿಲ್ಲ. ಸೌಂಡ್ ಬಾಕ್ಸಿನ ಪಕ್ಕ ನಿಂತರೆ ಏನಾದರೊಂದು ಆಗಿಯೇ ತೀರುತ್ತಿತ್ತು.

ಶುರು ಯಾವಾಗ?

ತೊಂಬತ್ತರ ದಶಕದಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ಟೇಪ್ ರೆಕಾರ್ಡರು, ಎರಡು ಬಾಕ್ಸು. ಕ್ಯಾಸೆಟ್ ತಿರುಗಿದರೆ ಸಾಕು, ಮದುವೆಮನೆಯ ಅಡುಗೆಯವರೂ ಸೌಟು ಹಿಡಿದೇ ಬಂದು ಕುಣಿಯುತ್ತಿದ್ದರು. ಎರಡು ಸಾವಿರ ಇಸವಿ ದಾಟುವ ಹೊತ್ತಿಗೆ ನಾನೂ ಡಿಜೆ ಆದೆ. ಎತ್ತರದ ಸ್ಟೇಜು, ಬಣ್ಣದ ಲೈಟು, ಹೊಗೆ ಬಿಡುವ ಮೆಷೀನು, ಮೇಲೊಂದು ಕಪ್ಪು ಕನ್ನಡಕ.

ವಿಜಯನಗರದ ನಮ್ಮ ಬಡಾವಣೆಯ ವಾರ್ಷಿಕೋತ್ಸವದಲ್ಲಿ ಒಂದು ಗಂಟೆ ಹಾಡು ಹಾಕಿದೆ. ಜನ ಕೈಕಟ್ಟಿ ನನ್ನನ್ನೇ ನೋಡುತ್ತ ನಿಂತಿದ್ದರು. ಮೆಚ್ಚಿಕೊಂಡಿದ್ದಾರೆ ಅಂದುಕೊಂಡು ಇನ್ನಷ್ಟು ತಲೆ ಅಲ್ಲಾಡಿಸಿದೆ. ಕೊನೆಗೆ ಒಬ್ಬ ಹೆಂಗಸು ಸ್ಟೇಜಿನ ಹತ್ತಿರ ಬಂದು ಕೇಳಿದರು: "ಮಿಷನ್ ರಿಪೇರಿ ಮುಗೀತಾ? ಡ್ಯಾನ್ಸ್ ಎಷ್ಟೊತ್ತಿಗೆ ಶುರು ಮಾಡ್ತೀರಿ?"

ಯಾರು ಹೋಗಿದ್ದು?

ಆ ಮಾತು ವಾರಗಟ್ಟಲೆ ಕೊರೆಯಿತು. ಒಟ್ಟಿಗೆ ಕುಣಿಯುತ್ತಿದ್ದ ಜನರನ್ನು ಪ್ರೇಕ್ಷಕರನ್ನಾಗಿ ಮಾಡಿದವನು ನಾನೇ. ಹೆಂಡತಿಗೆ ಹೇಳಿಕೊಂಡೆ. "ನೀವು ಮೇಲೆ ನಿಂತ್ರೆ ಎಲ್ಲ ನಿಮ್ಮನ್ನೇ ನೋಡ್ತಾರೆ. ಕೆಳಗಿಳೀರಿ," ಅಂದಳು.

ಮುಂದಿನ ಭಾನುವಾರ ಸಂಜೆ ಹಳೆಯ ಟೇಪನ್ನೂ ಎರಡು ಬಾಕ್ಸುಗಳನ್ನೂ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಇಟ್ಟೆ. ಇದ್ದದ್ದು ನಾವಿಬ್ಬರೇ. ನಾಚಿಕೆಯಾಗಿ ಟೇಪ್ ಆಫ್ ಮಾಡಿ ಕೂತೆವು. ಇಲವಾಲದಿಂದ ಹಾಲು ತರುವವರು ಗಾಡಿ ನಿಲ್ಲಿಸಿ ವಿಚಾರಿಸಿದರು. ಜನರನ್ನು ಕಳಿಸೋದು ನನಗೆ ಬುಡಿ ಅಂದು ಹೊರಟರು. ಮನೆಮನೆಯಲ್ಲೂ ಅವರು ಹೇಳಿದ್ದಿಷ್ಟು: ಸೈಟಿನ ಹತ್ರ ಗಂಡ ಹೆಂಡತಿ ಇಬ್ಬರೇ ಕೂತಿದಾರೆ, ಪಾಪ, ಒಂದು ಗಳಿಗೆ ಹೋಗಿ ಜೊತೇಲಿರಿ.

ಅರ್ಧ ಗಂಟೆಯಲ್ಲಿ ಹದಿನೈದು ಜನ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಹಿಂದಿನ ಬೀದಿಯ ಅಜ್ಜಿ ನನ್ನ ಹೆಂಡತಿಯ ಕೈ ಹಿಡಿದು ಮೆಲ್ಲಗೆ, "ಯಾರು ಹೋಗಿದ್ದು ಕಣಮ್ಮ?" ಅಂದರು.

"ಯಾರೂ ಹೋಗಿಲ್ಲ ಅಜ್ಜಿ. ಕುಣಿಯೋಕೆ ಯಾರೂ ಬಂದಿಲ್ಲ, ಅಷ್ಟೇ."

ಅಜ್ಜಿ ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದರು. "ಸದ್ಯ, ಮನೆಗೆ ಹೋಗಿ ಸ್ನಾನ ಮಾಡೋದು ತಪ್ಪಿತು. ಹಾಕಪ್ಪ ಹಾಡು."

ಹೊಸ ಸ್ಟೆಪ್ಪು

ಅಲ್ಲಿಂದ ವಾರವಾರವೂ ಜನ ಸೇರತೊಡಗಿದರು. ಎದುರು ಮನೆಯಲ್ಲಿ ಒಬ್ಬರು ನಿವೃತ್ತ ಶಿರಸ್ತೇದಾರರು ಒಂಟಿಯಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಅವರಿಗೆ ಈ ಗಲಾಟೆ ಹಿಡಿಸಲಿಲ್ಲ. ಒಂದು ಭಾನುವಾರ ಬಡಾವಣೆಯ ಸಂಘಕ್ಕೆ ದೂರು ಬರೆದು, ರಟ್ಟಿಗೆ ಸಿಕ್ಕಿಸಿ, ಸಹಿ ಹಾಕಿಸಲು ನೇರ ಸೈಟಿಗೇ ಬಂದರು. ಬಡಾವಣೆಯವರೆಲ್ಲ ಇದ್ದದ್ದು ಅಲ್ಲೇ ತಾನೆ.

ಕುಣಿಯುವವರು ಒಂದು ಕಡೆ ನಿಲ್ಲಬೇಕಲ್ಲ. ಅವರು ಬಲಕ್ಕೆ ಹೋದರೆ ಇವರೂ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ರಟ್ಟು ಮುಂದೆ ಚಾಚುವುದು, ಪೆನ್ ಎತ್ತುವುದು, ತುಳಿತ ತಪ್ಪಿಸಿಕೊಂಡು ಹಿಂದೆ ಜಿಗಿಯುವುದು. ಹಿಂದಿದ್ದವರು ಇದನ್ನು ಹೊಸ ಸ್ಟೆಪ್ ಅಂದುಕೊಂಡರು. ಎರಡು ಹಾಡು ಮುಗಿಯುವಷ್ಟರಲ್ಲಿ ಸೈಟಿಗೆ ಸೈಟೇ ಗಾಳಿಯಲ್ಲಿ ಸಹಿ ಹಾಕುತ್ತಿತ್ತು. ಆ ಖುಷಿಯಲ್ಲಿ ಕಾಗದದ ಮೇಲೂ ಎಲ್ಲರೂ ಓದದೆಯೇ ಗೀಚಿದರು.

ಮರುದಿನ ಸಂಘದ ಅಧ್ಯಕ್ಷರು ನನ್ನನ್ನೂ ಶಿರಸ್ತೇದಾರರನ್ನೂ ಕರೆಸಿದರು. ದೂರಿನಲ್ಲಿ "ಭಾನುವಾರದ ಕುಣಿತವನ್ನು ನಿಲ್ಲಿಸತಕ್ಕದ್ದು" ಎಂದು ಬರೆದಿತ್ತು. ಕೆಳಗೆ ನನ್ನದೇ ಸಹಿ. ಅದನ್ನು ತೋರಿಸಿ ನಗುತ್ತಿದ್ದ ಅಧ್ಯಕ್ಷರು ಎರಡು ಸಾಲು ಕೆಳಗೆ ತಮ್ಮ ಸಹಿ ಕಂಡು ಕಾಗದವನ್ನು ಶಿರಸ್ತೇದಾರರ ಕಡೆ ತಳ್ಳಿದರು.

ಶಿರಸ್ತೇದಾರರು ಸಹಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಆಮೇಲೆ, "ಅವಳು ಹೋದ ಮೇಲೆ ಇಷ್ಟು ಜನ ನನ್ನ ಕೈ ಮುಟ್ಟಿದ್ದು ನಿನ್ನೇನೇ," ಅಂದರು. ದೂರನ್ನು ಹರಿದುಬಿಡೋಣವಾ ಎಂದು ಅಧ್ಯಕ್ಷರು ಕೇಳಿದರು. ಇಷ್ಟು ಜನರ ಸಹಿ ಬಿದ್ದ ಕಾಗದವನ್ನು ಹರಿಯುವುದು ಕ್ರಮವಲ್ಲ ಎಂದು ಶಿರಸ್ತೇದಾರರು ಜೇಬಿನಿಂದ ಪೆನ್ ತೆಗೆದರು. "ನಿಲ್ಲಿಸತಕ್ಕದ್ದು" ಎಂಬುದರ ಕೊನೆಯ ಕೊಂಬನ್ನು ಹೊಡೆದುಹಾಕಿ, ಮುಂದೆ ಒಂದು "ಲ್ಲ" ಸೇರಿಸಿದರು.

ಹಿಂದಿನ ದಿನ ಎಲ್ಲರ ಸಹಿ ಹಾಕಿಸುವ ಭರದಲ್ಲಿ ತಮ್ಮದನ್ನು ಹಾಕಲು ಅವರು ಮರೆತಿದ್ದರು. ಈಗ ಅದನ್ನೂ ಹಾಕಿದರು, ದಿನಾಂಕ ಸಮೇತ.