ಸಣ್ಣಮಾವನ ನಕ್ಷೆಯ ಊರು

ನಮ್ಮ ಸಣ್ಣಮಾವನವರ ಮನೆಗೆ ಹೋಗುವವರು ಒಂದು ಅಗಲವಾದ ರಸ್ತೆ, ಒಂದು ಚರಂಡಿ, ಒಂದು ಪಾರ್ಕು ದಾಟಬೇಕು. ಇವುಗಳಲ್ಲಿ ಯಾವುದೂ ಅಲ್ಲಿಲ್ಲ, ಅಷ್ಟೇ!

ಅವರು ನನ್ನ ಗಂಡನ ಚಿಕ್ಕಪ್ಪ. ಊರ ಹೊರಗಿನ ಹೊಸ ಲೇಔಟಿನಲ್ಲಿ, ಅಭಿವೃದ್ಧಿ ಶುಲ್ಕವನ್ನೂ ಕೊಟ್ಟು, ಮನೆ ಕಟ್ಟಿಸಿದರು. ಖರ್ಚು ಏರುತ್ತ ಹೋದಂತೆ ಕಾಂಪೌಂಡು ಬಿಟ್ಟರು, ಗೇಟು ಬಿಟ್ಟರು. ಬಾಗಿಲ ಮುಂದಿನ ಉದ್ದನೆಯ ಚಪ್ಪಡಿ ಕಲ್ಲನ್ನು ಮಾತ್ರ ಬಿಡಲಿಲ್ಲ. ಸ್ವಂತ ಮನೆಯ ಮೆಟ್ಟಿಲ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುವುದು ಅವರ ಬಹುದಿನದ ಆಸೆ. ಹೋಗಿಬರುವವರು ಎಲ್ಲಿ? ಅಲ್ಲಿ ಇದ್ದದ್ದು ನಾಲ್ಕೈದು ಮನೆ, ಸುಣ್ಣ ಬಳಿದ ಗಡಿಕಲ್ಲುಗಳು ಮತ್ತು ಜಾಲಿ!

ಮೊದಲ ಸಲ ಹೋದಾಗ, ಆಟೋ ಇಳಿದು ಬಯಲಲ್ಲಿ ನೇರವಾಗಿ ಹೊರಟೆ. ಸಣ್ಣಮಾವ ಬಾಗಿಲಿನಿಂದಲೇ ಕೂಗಿದರು:

“ಏ ಅವ್ವಾ, ನಿಲ್ಲು! ಚಪ್ಲಿ ಹಾಕ್ಕೊಂಡು ಮಂದಿ ಅಡಿಗಿಮನ್ಯಾಗ ನಿಂತೀಯಲ್ಲ!”

ಕೆಳಗೆ ನೋಡಿದೆ. ಒಣಹುಲ್ಲು, ಆಡಿನ ಹಿಕ್ಕೆ.

“ಇಲ್ಲಿ ಯಾರ ಮನೀನೂ ಇಲ್ಲಲ್ರೀ ಮಾವಾರ?”

“ಇವತ್ತಿಲ್ಲ. ನಾಳೆ ಸೈಟಿನವ್ರು ಕಟ್ಟಿದ ಮ್ಯಾಲೂ ಹಿಂಗ ನುಗ್ತೀಯೇನು? ನಕ್ಷ್ಯಾಗ ರೋಡ್ ಐತಿ, ರೋಡಿನ ಮ್ಯಾಲ ಬಾ!”

ಗಡಿಕಲ್ಲುಗಳ ಗುಂಟ ನಡೆದು, ಮೂಲೆಯಲ್ಲಿ ತಿರುಗಿ, ಇಲ್ಲದ ಚರಂಡಿಯನ್ನು ಸೀರೆ ಎತ್ತಿ ದಾಟಿದೆ. ಕಾನ್ವೆಂಟಿನಲ್ಲಿ ನಮ್ಮನ್ನು ಸಾಲಾಗಿ ನಡೆಸುತ್ತಿದ್ದ ಸಿಸ್ಟರುಗಳೂ ಇಷ್ಟು ಬಿಗಿಯಾಗಿರಲಿಲ್ಲ!

ಒಳಗೆ ಸಣ್ಣತ್ತೆ ಮುಖ ಊದಿಸಿಕೊಂಡಿದ್ದರು. ಹಳೆಯ ಓಣಿಯಲ್ಲಿ ಅವರ ಸಂಜೆಗಳೆಲ್ಲ ಬೇವಿನ ಕಟ್ಟೆಯ ಮೇಲೆ, ನಾಲ್ಕು ಹೆಂಗಸರ ನಡುವೆ ಕಳೆದಿದ್ದವು. ಮನೆಯೆದುರಿಗೇ ಪಾರ್ಕು ಎಂದು ನಕ್ಷೆ ತೋರಿಸಿದ ಮೇಲೆಯೇ ಅವರು ಇಲ್ಲಿಗೆ ಒಪ್ಪಿ ಬಂದದ್ದು.

“ಬ್ಯಾಸಗಿ ಮುಗಿಯೂದ್ರಾಗ ಪಾರ್ಕ್ ಆಗ್ಲಿಲ್ಲಂದ್ರ ನಾ ಹರಪನಹಳ್ಳಿಗೆ ನಮ್ಮಕ್ಕನ ಮನಿಗೆ ಹೋಗಾಕಿ. ನಿಮ್ಮ ಮಾವ ನಕ್ಷಿ ಜೋಡಿ ಸಂಸಾರ ಮಾಡ್ಲಿ!” ಎಂದರು. ಗೋಡೆಯ ಪಕ್ಕದಲ್ಲಿ ಚೀಲ ಸಿದ್ಧವಾಗಿಯೇ ಇತ್ತು.

ಸಣ್ಣಮಾವ ಪಂಚಾಯಿತಿ ಕಚೇರಿಗೆ ಹೊರಟರು. ಇಂಗ್ಲಿಷ್ ಕಲಿತವಳು ಪಕ್ಕದಲ್ಲಿದ್ದರೆ ಅಲ್ಲಿಯವರು ಹೆದರುತ್ತಾರೆಂದು ನನ್ನನ್ನೂ ಎಳೆದೊಯ್ದರು. ಗುಮಾಸ್ತರು ಹೆದರಲಿಲ್ಲ, ಚಹಾ ತರಿಸಿದರು.

“ಅನುದಾನ ಕಡಿಮಿ ಬಂದೈತ್ರಿ ಯಜಮಾನ್ರ. ಈ ಸಲ ಬಜೆಟ್‌ನ್ಯಾಗಿಂದ ಪಾರ್ಕ್ ತಗದಾರ.”

“ತಗದು ಎಲ್ಲಿಟ್ಟೀರಿ? ಹೇಳ್ರಿ, ಗಾಡಿ ತಂದು ನಾನ ಒಯ್ತೀನಿ!”

ಗುಮಾಸ್ತರು ಇನ್ನೊಂದು ಚಹಾ ಹೇಳಿದರು. ಪಾಪ, ಅವರ ಕೈಯಲ್ಲಿದ್ದದ್ದು ಅದೊಂದೇ!

ಬೇಸಿಗೆ ಮುಗಿಯುವ ಹೊತ್ತಿಗೆ, ಅತ್ತೆಯನ್ನು ಬಸ್ಸು ಹತ್ತಿಸಬೇಕಾದೀತು ಎಂದುಕೊಂಡೇ ಮತ್ತೆ ಹೋದೆ. ಇಳಿಬಿಸಿಲು. ದೂರದಿಂದಲೇ ನೋಡಿದರೆ, ಮನೆಯ ಮುಂದೆ ಚಪ್ಪಡಿ ಕಲ್ಲೇ ಇಲ್ಲ! ಅದರ ಜಾಗದಲ್ಲಿ ಎರಡು ಇಟ್ಟಿಗೆ. ಎದುರಿನ ಜಾಲಿಯನ್ನೆಲ್ಲ ಯಾರೋ ಕಡಿದಿದ್ದರು. ಮಧ್ಯದಲ್ಲಿ ಮೊಣಕಾಲೆತ್ತರದ ಒಂದು ಬೇವಿನ ಸಸಿ. ಅದರ ಬುಡಕ್ಕೆ ಆ ಕಲ್ಲು. ಕಲ್ಲಿನ ಮೇಲೆ ಸಣ್ಣತ್ತೆ ಮತ್ತು ಅಕ್ಕಪಕ್ಕದ ಇಬ್ಬರು ಹೆಂಗಸರು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತ ನಗುತ್ತಿದ್ದರು. ಹಿಂದೆ ಸಣ್ಣಮಾವ, ಸಸಿ ಮರವಾದಾಗ ನೆರಳು ಬೀಳಬೇಕಾದ ಜಾಗದಲ್ಲಿ, ಅತ್ತೆಯ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಇನ್ನಷ್ಟು ಹತ್ತಿರ ಬಂದಾಗ ಕಂಡಿತು, ಅವರ ಮುಂಗೈಯ ತುಂಬ ಮುಳ್ಳಿನ ಗೀರುಗಳು.

ಬಯಲಿಗೇ ಇಳಿದು ನೇರವಾಗಿ ಅವರ ಕಡೆ ಓಡಿದೆ.

“ಏ ಹುಡುಗೀ, ಕಣ್ಣಿಲ್ಲೇನು?” ಕೂಗಿದ್ದು ಸಣ್ಣತ್ತೆ! “ಮಂದಿ ಅಡಿಗಿಮನ್ಯಾಗ ಚಪ್ಲಿ ಹಾಕ್ಕೊಂಡು ಬರ್ತಾರೇನ? ನಮ್ಮ ಲೇಔಟ್‌ನ್ಯಾಗ ರೋಡ್ ಐತಿ!”

ನಾನು ಚಪ್ಪಲಿ ಕೈಗೆತ್ತಿಕೊಂಡೆ. ಯಾರದೋ ಒಲೆಗೆ ಕಾಲು ತಗಲದಂತೆ, ಮೆಲ್ಲಗೆ ಹಿಂದೆ ಸರಿದೆ.